ನಾಲ್ಕನೆಯವರ ಲೆಕ್ಕ

1960ರ ಸೆಪ್ಟೆಂಬರ್ 6ರಂದು, ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್‌ನಲ್ಲಿ, ಮಿಲ್ಖಾ ಸಿಂಗ್ ತಮ್ಮ ಬದುಕಿನ ಅತಿ ವೇಗದ ಓಟ ಓಡಿದರು. ಈ ಮಾತನ್ನು ಹೀಗೆ ಯಾರೂ ಹೇಳುವುದಿಲ್ಲ. ರೋಮ್‌ನಲ್ಲಿ ಮಿಲ್ಖಾ ಪದಕ ಕಳೆದುಕೊಂಡರು ಅಂತಲೇ ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದು. ಅವರೂ ಕೊನೆಯವರೆಗೆ ಹಾಗೇ ಹೇಳಿಕೊಂಡರು.

ಅಂಕಿಗಳು ಹೇಳುವ ಕಥೆಯೇ ಬೇರೆ. ಆ ಕೂಟಕ್ಕೆ ಮುಂಚಿನ ಒಲಿಂಪಿಕ್ ದಾಖಲೆ 45.9 ಸೆಕೆಂಡು. ಅಂದಿನ ಫೈನಲ್‌ನಲ್ಲಿ ಮೊದಲ ನಾಲ್ವರೂ ಅದಕ್ಕಿಂತ ಬೇಗ ಓಡಿದರು. ಅಮೆರಿಕದ ಓಟಿಸ್ ಡೇವಿಸ್ ಮತ್ತು ಜರ್ಮನಿಯ ಕಾರ್ಲ್ ಕೌಫ್‌ಮನ್ ಇಬ್ಬರಿಗೂ 44.9, ಅಂದರೆ ಹೊಸ ವಿಶ್ವದಾಖಲೆ. ದಕ್ಷಿಣ ಆಫ್ರಿಕಾದ ಮಾಲ್ಕಮ್ ಸ್ಪೆನ್ಸ್‌ಗೆ 45.5. ಮಿಲ್ಖಾಗೆ 45.6. ಆ ಓಟ ಭಾರತದ ದಾಖಲೆಯಾಗಿ 38 ವರ್ಷ ನಿಂತಿತ್ತು. 1998ರಲ್ಲಿ ಪರಮ್‌ಜಿತ್ ಸಿಂಗ್ ಅದನ್ನು ಮುರಿಯುವ ಹೊತ್ತಿಗೆ ಮಿಲ್ಖಾ ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಮುಟ್ಟಿದ್ದರು. ಇಷ್ಟಾದರೂ, ಬಾಳಿನಲ್ಲಿ ತಮಗೆ ಮರೆಯಲಾಗದ ಎರಡು ನೋವು ಯಾವುವು ಎಂದು ಕೇಳಿದವರಿಗೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ: ದೇಶ ವಿಭಜನೆಯಲ್ಲಿ ಹೆತ್ತವರನ್ನು ಕಣ್ಣೆದುರು ಕಳೆದುಕೊಂಡದ್ದು ಒಂದು, ರೋಮ್ ಇನ್ನೊಂದು.

ಆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದನ್ನು ಮೊದಲ ಸಲ ಓದಿದಾಗ ನನಗೆ ಕಸಿವಿಸಿಯಾಗಿತ್ತು. ಕಗ್ಗೊಲೆ ಎಲ್ಲಿ, ಓಟ ಎಲ್ಲಿ! ಆದರೆ ಮನಸ್ಸು ಇಟ್ಟುಕೊಳ್ಳುವ ಲೆಕ್ಕದ ಪುಸ್ತಕದಲ್ಲಿ ದೊಡ್ಡದು ಚಿಕ್ಕದು ಎಂಬ ಕಲಮು ಇದ್ದಂತಿಲ್ಲ. ಎಷ್ಟು ಹತ್ತಿರ ಬಂದು ತಪ್ಪಿತು ಎನ್ನುವುದಕ್ಕೆ ಮಾತ್ರ ಅಲ್ಲಿ ಜಾಗ. ಎರಡು ವರ್ಷ ಮುಂಚೆ, 1958ರಲ್ಲಿ, ಕಾರ್ಡಿಫ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ಸ್ಪೆನ್ಸ್‌ನನ್ನು ಹಿಂದಿಕ್ಕಿ ಮಿಲ್ಖಾ ಚಿನ್ನ ಗೆದ್ದಿದ್ದರು. ತಾನು ಸೋಲಿಸಿದವನೇ ತನ್ನಿಂದ ಕಂಚು ಕಿತ್ತುಕೊಂಡು ಹೋದ. ಅದೂ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ. ಅರ್ಧದಾರಿ ದಾಟಿದ ಮೇಲೆ, ತುಂಬಾ ಜೋರಾಗಿ ಓಡುತ್ತಿದ್ದೇನೆ ಅನ್ನಿಸಿ ಒಂದಿಷ್ಟು ವೇಗ ತಗ್ಗಿಸಿದೆ ಎಂದು ಅವರೇ ಹೇಳಿಕೊಂಡಿದ್ದರು. ಆ ಒಂದು ಕ್ಷಣವನ್ನು ಅವರು ಅರವತ್ತು ವರ್ಷ ಮತ್ತೆ ಮತ್ತೆ ಓಡಿದರು. ಏಷ್ಯನ್ ಕೂಟಗಳ ನಾಲ್ಕು ಚಿನ್ನ ಮನೆಯಲ್ಲಿದ್ದವು. ಅವು ಆ ಕ್ಷಣವನ್ನು ಮುಚ್ಚಲಿಲ್ಲ.

ಸೋಲು-ಗೆಲುವು ಎಲ್ಲ ಮನಸ್ಸಿನಲ್ಲೇ ಇದೆ ಎಂಬ ಮಾತು ನಮ್ಮ ಕಿವಿಗೆ ದಿನಬೆಳಗಾದರೆ ಬೀಳುತ್ತದೆ. ಶಾಲಾ ವಾರ್ಷಿಕೋತ್ಸವದ ಮುಖ್ಯ ಅತಿಥಿಗಳು ಹೇಳುತ್ತಾರೆ, ವಾಟ್ಸಾಪ್‌ನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಬರೆದುಕೊಂಡು ಬರುತ್ತದೆ, ಆಫೀಸಿನಲ್ಲಿ ವರ್ಷಕ್ಕೊಮ್ಮೆ ಯಾರನ್ನಾದರೂ ಕರೆಸಿ ಹೇಳಿಸುತ್ತಾರೆ. ನನಗೆ ಆ ಮಾತಿನ ಮೇಲೆ ಅನುಮಾನವೂ ಇದೆ, ಅದನ್ನು ಪೂರ್ತಿ ತಳ್ಳಿಹಾಕಲೂ ಆಗುತ್ತಿಲ್ಲ. ಮನಸ್ಸು ಫಲಿತಾಂಶವನ್ನು ಯಾವುದರ ಪಕ್ಕ ಇಟ್ಟು ನೋಡುತ್ತದೆ ಎನ್ನುವುದರ ಮೇಲೆ ತೃಪ್ತಿ ನಿಂತಿದೆ, ಅಷ್ಟರ ಮಟ್ಟಿಗೆ ಒಪ್ಪುತ್ತೇನೆ. ಹಾಗೆ ಪಕ್ಕಕ್ಕೆ ಇಡುವ ವಸ್ತುವನ್ನು ನಾವೇ ಆರಿಸಿಕೊಳ್ಳುತ್ತೇವೆಯೇ ಎಂಬಲ್ಲಿ ನನ್ನ ತಕರಾರು ಶುರುವಾಗುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ವಿಕ್ಟೋರಿಯಾ ಮೆಡ್ವೆಕ್, ಸ್ಕಾಟ್ ಮೇಡಿ, ಥಾಮಸ್ ಗಿಲೊವಿಚ್ ಎಂಬ ಮೂವರು ಅಮೆರಿಕನ್ ಮನಶ್ಶಾಸ್ತ್ರಜ್ಞರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಮತ್ತು ಕಂಚು ಗೆದ್ದವರ ಟಿ.ವಿ. ದೃಶ್ಯಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಈ ಮುಖದಲ್ಲಿ ಸಂತೋಷ ಎಷ್ಟಿದೆ, ಹತ್ತಕ್ಕೆ ಅಂಕ ಕೊಡಿ ಎಂದರು. ಸ್ಪರ್ಧೆ ಮುಗಿದ ಕ್ಷಣದ ದೃಶ್ಯಗಳಲ್ಲಿ ಬೆಳ್ಳಿಯವರಿಗೆ ಸಿಕ್ಕ ಸರಾಸರಿ 4.8, ಕಂಚಿನವರಿಗೆ 7.1. ಪದಕ ಕೊರಳಿಗೆ ಬೀಳುವ ವೇದಿಕೆಯ ಮೇಲೂ ಕಂಚಿನವರೇ ಹೆಚ್ಚು ಖುಷಿಯಲ್ಲಿದ್ದರು. ಎರಡನೆಯವನು ಮೇಲಕ್ಕೆ ನೋಡಿ ಚಿನ್ನ ಒಂದು ಕೂದಲೆಳೆಯಲ್ಲಿ ತಪ್ಪಿತು ಎಂದುಕೊಂಡರೆ, ಮೂರನೆಯವನು ಪಕ್ಕಕ್ಕೆ ನೋಡಿ ಸದ್ಯ ಬರಿಗೈಲಿ ಹೋಗಲಿಲ್ಲ ಎಂದುಕೊಳ್ಳುತ್ತಾನೆ. ಹೆಚ್ಚು ಪಡೆದವನಿಗೆ ಕಡಿಮೆ ಸಂತೋಷ.

ಇದು ಒಲಿಂಪಿಕ್ಸ್ ತನಕ ಹೋಗಿ ತಿಳಿಯಬೇಕಾದ ಸಂಗತಿಯೇನಲ್ಲ. ಹಾಸನದ ಬಸ್ ಸ್ಟ್ಯಾಂಡಿಗೆ ಅರ್ಧ ಗಂಟೆ ತಡವಾಗಿ ಬಂದವನು ಮುಂದಿನ ಬಸ್ಸು ಯಾವಾಗ ಅಂತ ವಿಚಾರಿಸಿ ಕಾಫಿ ಕುಡಿಯಲು ಹೋಗುತ್ತಾನೆ. ಬಸ್ಸಿನ ಬೆನ್ನು ಗೇಟು ದಾಟುವುದನ್ನು ಕಣ್ಣಾರೆ ಕಂಡವನು ಮಾತ್ರ ಆಟೋದವನ ಹತ್ತಿರ ಚಿಲ್ಲರೆಗೆ ಜಗಳ ಆಡಿದ್ದು, ಹೊರಡುವಾಗ ಮನೆಯವರು ಇನ್ನೊಂದು ದೋಸೆ ಹಾಕಿದ್ದು, ಎಲ್ಲವನ್ನೂ ನೆನೆದು ಶಪಿಸುತ್ತಾ ನಿಲ್ಲುತ್ತಾನೆ. ಇಬ್ಬರೂ ಹತ್ತುವುದು ಅದೇ ಮುಂದಿನ ಬಸ್ಸನ್ನೇ.

ಬಾರ್ಸಿಲೋನಾ ಅಧ್ಯಯನಕ್ಕೆ ಒಂದು ಆಕ್ಷೇಪ ಇದೆ, ಅದು ನನಗೆ ಸರಿ ಅನ್ನಿಸುತ್ತದೆ. ಕುಸ್ತಿ, ಜೂಡೊ, ಬ್ಯಾಡ್ಮಿಂಟನ್‌ನಂಥ ಆಟಗಳಲ್ಲಿ ಕಂಚಿನವನು ಕೊನೆಯ ಪಂದ್ಯ ಗೆದ್ದು ಮನೆಗೆ ಹೋಗುತ್ತಾನೆ, ಬೆಳ್ಳಿಯವನು ಸೋತು ಹೋಗುತ್ತಾನೆ. ಆಗ ತಾನೇ ಮಣ್ಣು ಮುಕ್ಕಿದವನ ಮುಖದಲ್ಲಿ ನಗು ಹುಡುಕುವುದು ಯಾವ ನ್ಯಾಯ? ಹಾಗಾಗಿ ಮುಖ ಬಾಡಲು ಮನಸ್ಸಿನ ಹೋಲಿಕೆಯೊಂದೇ ಕಾರಣ ಎನ್ನಲಾಗದು, ಪದಕ ಬಂದ ದಾರಿಯೂ ಕಾರಣ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಇಬ್ಬರು ಸಾಕ್ಷಿ ಸಿಗುತ್ತಾರೆ.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಫಿಜಿಯ ಇಲಿಯೆಸಾ ಡೆಲಾನಾ ಹಾರಿದ್ದೂ 1.74 ಮೀಟರನ್ನೇ. ಎತ್ತರ ಸಮ ಆದಾಗ ವಿಫಲ ಯತ್ನಗಳನ್ನು ಎಣಿಸುತ್ತಾರೆ. ಆ ಎಣಿಕೆಯಲ್ಲಿ ಚಿನ್ನ ಫಿಜಿಗೆ ಹೋಯಿತು. ಬಾರ್ಸಿಲೋನಾದ ಲೆಕ್ಕದ ಪ್ರಕಾರ ನೋಡಿದರೆ ಗಿರೀಶ ಕೊರಗಿ ಸೊರಗಬೇಕಿತ್ತು. ಆದರೆ ಆ ಕೂಟದಲ್ಲಿ ಇಡೀ ಭಾರತಕ್ಕೆ ಬಂದದ್ದು ಅದೊಂದೇ ಪದಕ. ಬೆಳ್ಳಿಯ ಪಕ್ಕದಲ್ಲಿ ಚಿನ್ನ ಇರಲಿಲ್ಲ, ಏನೂ ಇಲ್ಲದ ಬಯಲು ಇತ್ತು. ಊರಿಗೆ ಊರೇ ಕುಣಿಯಿತು, ಮರುವರ್ಷ ಪದ್ಮಶ್ರೀ ಬಂತು. ಆ ಕಡೆ ಫಿಜಿಯಲ್ಲಿ ಡೆಲಾನಾ ಮುಖವನ್ನು ಐವತ್ತು ಸೆಂಟಿನ ನಾಣ್ಯದ ಮೇಲೆ ಅಚ್ಚು ಹಾಕಿದರು. ಒಂದೇ ಎತ್ತರ ಹಾರಿದ ಇಬ್ಬರೂ ಮನೆಗೆ ಗೆದ್ದವರಾಗಿಯೇ ಹೋದದ್ದು ನನಗೆ ಇವತ್ತಿಗೂ ಇಷ್ಟದ ಕಥೆ.

ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಕಥೆ ಇನ್ನೊಂದು ಬಗೆಯದು. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಐಎಎಸ್ ಮಾಡಿ, ಉತ್ತರ ಪ್ರದೇಶದಲ್ಲಿ ಜಿಲ್ಲಾಧಿಕಾರಿಯಾಗಿದ್ದುಕೊಂಡೇ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಬ್ಯಾಡ್ಮಿಂಟನ್ ಫೈನಲ್ ತಲುಪಿದವರು ಅವರು. ಎದುರಾಳಿ ಫ್ರಾನ್ಸ್‌ನ ಲೂಕಾ ಮಝೂರ್. ಮೊದಲ ಗೇಮ್ 21-15ರಿಂದ ಸುಹಾಸ್ ಗೆದ್ದರು. ಆಮೇಲಿನ ಎರಡೂ ಗೇಮ್ ಸೋತರು. ಇಷ್ಟು ಸಂತೋಷ ಮತ್ತು ಇಷ್ಟು ನಿರಾಸೆ ಒಟ್ಟಿಗೇ ಎಂದೂ ಆಗಿರಲಿಲ್ಲ ಎಂಬ ಅರ್ಥದ ಮಾತನ್ನು ಅಂದು ಅವರು ಆಡಿದ್ದರು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಮತ್ತೆ ಫೈನಲ್, ಮತ್ತೆ ಅದೇ ಮಝೂರ್, ಮತ್ತೆ ಬೆಳ್ಳಿ. ಈ ಬಾರಿ 9-21, 13-21. ದಾಖಲೆ ಪುಸ್ತಕದಲ್ಲಿ ಎರಡೂ ಬೆಳ್ಳಿಗೆ ಒಂದೇ ತೂಕ. ಗೆಲುವು ಕೈಗೆ ಬಂದು ಜಾರಿದ ಬೆಳ್ಳಿ ಹೆಚ್ಚು ಕಾಡುತ್ತದೋ, ನೇರವಾಗಿ ಸೋತ ಬೆಳ್ಳಿಯೋ? ಹೊರಗಿನಿಂದ ನೋಡುವ ನನಗೆ ಮೊದಲನೆಯದೇ ಅನ್ನಿಸುತ್ತದೆ. ಚೆನ್ನಾಗಿ ಆಡಿದ ದಿನವೇ ಹೆಚ್ಚು ನೋಯುವುದು ಎಂಥ ವಿಚಿತ್ರ!

ಏಪ್ರಿಲ್-ಮೇ ತಿಂಗಳಲ್ಲಿ ಈ ವಿಚಿತ್ರ ನಮ್ಮ ಮನೆಮನೆಗೂ ಬರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 625ಕ್ಕೆ 619 ತೆಗೆದ ಹುಡುಗಿಯ ತಾಯಿ ಫೋನಿನಲ್ಲಿ ಮಾತಾಡುವುದನ್ನು ಕೇಳಿದ್ದೇನೆ: "ಸೋಷಿಯಲ್‌ನಲ್ಲಿ ನಾಲ್ಕು ಹೋಯ್ತು ರೀ, ಹಿಂದೀಲಿ ಎರಡು. ರೀವ್ಯಾಲ್ಯುಯೇಶನ್‌ಗೆ ಹಾಕ್ತೀವಿ." ಬಂದ ಅಂಕದ ಸುದ್ದಿಯೇ ಇಲ್ಲ, ಹೋದದ್ದರ ಪಟ್ಟಿ ಮಾತ್ರ. ಅದೇ ಬೀದಿಯಲ್ಲಿ ಪಾಸಾಗುತ್ತಾನೋ ಇಲ್ಲವೋ ಎಂಬ ಭಯದಲ್ಲಿದ್ದ ಹುಡುಗ ಸೆಕೆಂಡ್ ಕ್ಲಾಸಿನಲ್ಲಿ ದಾಟಿದ. ಅವರಪ್ಪ ಬೀದಿಗೆಲ್ಲ ಪೇಡ ಹಂಚಿದರು. ಇಲ್ಲಿಗೆ ನಿಲ್ಲಿಸಿದರೆ ತೃಪ್ತಿಯೇ ಪರಮಸುಖ ಎಂಬ ಸುಲಭದ ಮಾತಿಗೆ ಬಂದುಬಿಡಬಹುದು. ಆದರೆ ಆ ಹುಡುಗಿ 619ಕ್ಕೆ ಮುಟ್ಟಿದ್ದು ಹೇಗೆ? 600 ಬಂದಾಗ 'ಇಷ್ಟು ಸಾಕು' ಅನ್ನದೇ ಇದ್ದದ್ದಕ್ಕೆ. ಅವಳನ್ನು ಅಲ್ಲಿಗೆ ಒಯ್ದ ಅತೃಪ್ತಿಯೇ ಅಲ್ಲಿ ಅವಳನ್ನು ಸುಖವಾಗಿ ಕೂರಲು ಬಿಡಲಿಲ್ಲ.

ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಇದನ್ನು 1890ರಷ್ಟು ಹಿಂದೆಯೇ ಭಾಗಾಕಾರವಾಗಿ ಬರೆದಿಟ್ಟ. ಸಾಧಿಸಿದ್ದನ್ನು ಬಯಸಿದ್ದರಿಂದ ಭಾಗಿಸು, ಬಂದದ್ದೇ ನಿನಗೆ ನಿನ್ನ ಮೇಲಿರುವ ಗೌರವ. ಜಗತ್ತಿನ ಎರಡನೇ ಅತ್ಯುತ್ತಮ ಮುಷ್ಟಿಕಾಳಗದವನು ಎರಡನೆಯವನಾದ ನಾಚಿಕೆಗೇ ಕುಗ್ಗಿ ಸಾಯುತ್ತಾನೆ ಎಂಬುದು ಅವನೇ ಕೊಟ್ಟ ಉದಾಹರಣೆ. ಮೇಲಿನ ಸಂಖ್ಯೆ ಹೆಚ್ಚಿಸಿದರೂ ಸರಿ, ಕೆಳಗಿನದನ್ನು ಇಳಿಸಿದರೂ ಸರಿ, ಉತ್ತರ ದೊಡ್ಡದಾಗುತ್ತದೆ ಎಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ನಮ್ಮ ಹಿರಿಯರು ಕೆಳಗಿನ ಸಂಖ್ಯೆಯ ಪರ. ಸಂಸಾರಕ್ಕೆ ಅದು ಒಳ್ಳೆಯ ಬುದ್ಧಿವಾದ, ಸಾಲಗಾರರು ಮನೆಬಾಗಿಲಿಗೆ ಬರುವುದಿಲ್ಲ. 400 ಮೀಟರ್ ಓಡುವವರಿಗೆ ಅದನ್ನು ಹೇಳಿ ನೋಡಿ. ಅವರ ಕಸುಬೇ ಹಾಸಿಗೆಯಿಂದಾಚೆ ಕಾಲು ಚಾಚುವುದು.

ಈಗ ನನ್ನ ತಕರಾರಿಗೆ ಬರುತ್ತೇನೆ. ಮನಸ್ಸು ಗಟ್ಟಿಯಿದ್ದರೆ ಏನು ಬೇಕಾದರೂ ಸಾಧ್ಯ ಎಂದು ವೇದಿಕೆಯ ಮೇಲೆ ಕೈಬೀಸಿ ಹೇಳುವವರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಪಿ.ಟಿ. ಉಷಾ. 1984ರ ಆಗಸ್ಟ್ 8, ಲಾಸ್ ಏಂಜಲೀಸ್. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ. ಚಿನ್ನ ಗೆದ್ದ ಮೊರಾಕೊದ ನವಲ್ ಎಲ್ ಮೌತವಕೀಲ್ 54.61 ಸೆಕೆಂಡಿನಲ್ಲಿ ಗುರಿ ಮುಟ್ಟಿದಳು. ಕಂಚು ಗೆದ್ದ ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರುಗೆ 55.41. ಉಷಾಗೆ 55.42. ನೂರನೇ ಒಂದು ಸೆಕೆಂಡು ಅನ್ನುವುದು ಕಣ್ಣು ಹಿಡಿಯಲಾಗದ ಅಂತರ. ಕೊನೆಯಲ್ಲಿ ಎದೆ ಮುಂದೆ ಚಾಚಿದ್ದು ಒಂದಿಷ್ಟು ಕಡಿಮೆಯಾಯಿತು, ಅಷ್ಟೇ.

ಇಲ್ಲಿ ಮನಸ್ಸಿನ ಪಾಲೆಷ್ಟು? ಮೊದಲ ಸಲ ಗುಂಡು ಹಾರಿದಾಗ ಉಷಾ ಚೆನ್ನಾಗಿಯೇ ಹೊರಟಿದ್ದರು. ಬೇರೊಬ್ಬರ ತಪ್ಪು ಆರಂಭದಿಂದಾಗಿ ಎಲ್ಲರೂ ವಾಪಸ್ಸು ಬರಬೇಕಾಯಿತು, ಆ ಲಯ ಎರಡನೇ ಸಲ ಸಿಗಲಿಲ್ಲ. ಇದನ್ನು ಮನಸ್ಸಿನ ಖಾತೆಗೆ ಬರೆಯೋಣ. ಆದರೆ ಅವರೇ ಎಷ್ಟೋ ವರ್ಷದ ನಂತರ ಹೇಳಿದ ಇನ್ನೊಂದು ಸಂಗತಿ ಇದೆ. ಒಲಿಂಪಿಕ್ ಗ್ರಾಮದ ಊಟ ಒಗ್ಗದೆ, ತಮ್ಮ ರುಚಿಗೆ ಬೇರೇನೂ ಸಿಗದೆ, ಅನ್ನದ ಗಂಜಿಯನ್ನು ಊರಿಂದ ಒಯ್ದ ಮಾವಿನ ಉಪ್ಪಿನಕಾಯಿ ಜೊತೆ ಉಂಡು ಓಡಿದ್ದರು. ಕೊನೆಯ 35 ಮೀಟರಿಗೆ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ ಎಂದರು. ಪಯ್ಯೋಳಿಯ ಕಡಲ ಮರಳಿನ ಮೇಲೆ ಓಡಿ ಬೆಳೆದ ಹುಡುಗಿ, ಜೊತೆಗೆ ಒ.ಎಂ. ನಂಬಿಯಾರ್ ಎಂಬ ಒಬ್ಬ ಕೋಚು. ಎದುರಿಗೆ ವೈದ್ಯರು, ಅಡುಗೆಯವರು, ಮೈಕೈ ತಿಕ್ಕುವವರನ್ನೆಲ್ಲ ಕಟ್ಟಿಕೊಂಡು ಬಂದ ದೇಶಗಳು. ಇದನ್ನೆಲ್ಲ ಮರೆಸಿ ಆ ನೂರನೇ ಒಂದು ಸೆಕೆಂಡನ್ನು ಆತ್ಮವಿಶ್ವಾಸದ ಕೊರತೆ ಎಂದು ಕರೆದರೆ ಅದು ಕ್ರೌರ್ಯ. ವೇದಿಕೆಯ ಭಾಷಣಗಳು ಮಾಡುವುದು ಇದನ್ನೇ: ಗಂಜಿ ಕೊಟ್ಟವರ ಹೊಣೆಯನ್ನು ಗಂಜಿ ಕುಡಿದವಳ ಮನಸ್ಸಿನ ಮೇಲೆ ಹೊರಿಸುವುದು. ಅಂದಹಾಗೆ, ಉಷಾ ಅವರ ಆ 55.42 ಅನ್ನು ಭಾರತದ ಇನ್ನೊಬ್ಬ ಹೆಣ್ಣುಮಗಳು ಸರಿಗಟ್ಟಲು 2023 ಬರಬೇಕಾಯಿತು. ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ವಿದ್ಯಾ ರಾಮರಾಜ್ ಓಡಿದ್ದು ಕರಾರುವಾಕ್ಕಾಗಿ ಅಷ್ಟೇ, 55.42.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತೀಯರು ಆರು ಕಡೆ ನಾಲ್ಕನೆಯವರಾದರು. ಅದರಲ್ಲಿ ಬ್ಯಾಡ್ಮಿಂಟನ್‌ನ ಲಕ್ಷ್ಯ ಸೇನ್ ಒಬ್ಬರು. ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆಯವರ ಅಕಾಡೆಮಿಯಲ್ಲಿ ಪಳಗಿದ ಹುಡುಗ. ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ 21-13ರಿಂದ ಗೆದ್ದು, ಎರಡನೆಯದರಲ್ಲೂ ಮುಂದಿದ್ದು, ಆಮೇಲೆ ಮಲೇಷ್ಯಾದ ಲೀ ಝೀ ಜಿಯಾಗೆ ಸೋತರು. ಸಾಮಾನ್ಯವಾಗಿ ಮೆಲ್ಲಗೆ, ಅಳೆದು ಮಾತಾಡುವ ಪಡುಕೋಣೆ ಅಂದು ಖಾರವಾಗಿಯೇ ಮಾತಾಡಿದರು. ಸರ್ಕಾರ, ಸಂಘಗಳು ಕೈಲಾದ್ದನ್ನೆಲ್ಲ ಮಾಡಿವೆ, ಇನ್ನು ಆಟಗಾರರೂ ಹೊಣೆ ಹೊರಬೇಕು, ಮನಸ್ಸಿನ ತರಬೇತಿಗೂ ಗಮನ ಕೊಡಬೇಕು ಎಂಬುದು ಅವರ ಮಾತಿನ ಸಾರ. ಕೆಲವರಿಗೆ ಅದು ಕಟುವೆನಿಸಿತು. ನನಗೆ ಅವರು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ, ಯಾಕೆಂದರೆ ಮನಸ್ಸಿನ ಮಾತು ನ್ಯಾಯವಾಗಿ ಶುರುವಾಗುವುದು ಗಂಜಿಯ ಪ್ರಶ್ನೆ ಬಗೆಹರಿದ ಮೇಲೆ. ಉಷಾಗೆ ಹೇಳಬಾರದ ಮಾತನ್ನು ಲಕ್ಷ್ಯಗೆ ಹೇಳಬಹುದು. ಅದೂ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರು, ಈಗ ನಮಗಿರುವ ಯಾವ ಅನುಕೂಲವೂ ಇಲ್ಲದೆ ಗೆದ್ದವರು, ಹೇಳಬಹುದು. ಭಾಷಣಕಾರರಲ್ಲ.

ಮನಸ್ಸು ಮತ್ತು ಗೆಲುವಿನ ಬಗ್ಗೆ ನಮ್ಮ ಕ್ರೀಡಾಪಟುಗಳಲ್ಲಿ ಅತಿ ಹೆಚ್ಚು ಯೋಚಿಸಿದವರು ಬಹುಶಃ ಶೂಟರ್ ಅಭಿನವ್ ಬಿಂದ್ರಾ. 2004ರ ಅಥೆನ್ಸ್‌ನಲ್ಲಿ ಮೂರನೆಯವರಾಗಿ ಫೈನಲ್ ತಲುಪಿ ಏಳನೆಯವರಾಗಿ ಹೊರಬಂದರು. ತಾವು ನಿಂತು ಗುರಿಯಿಟ್ಟ ಜಾಗದ ಟೈಲ್ ಸಡಿಲವಿತ್ತು ಎಂದು ಆಮೇಲೆ ಗೊತ್ತಾಯಿತಂತೆ. ಬೇರೆಯವರಾಗಿದ್ದರೆ ಆ ಟೈಲನ್ನು ಬೈದುಕೊಂಡು ಜೀವನ ಕಳೆಯುತ್ತಿದ್ದರೇನೋ. ಅವರು ಮನೆಗೆ ಬಂದು ಅಲುಗಾಡುವ ಟೈಲ್ ಮೇಲೆ ನಿಂತು ಅಭ್ಯಾಸ ಮಾಡಿದರು. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ 700.5 ಅಂಕ, ಕೊನೆಯ ಗುಂಡಿಗೆ 10.8. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ. ದೇಶ ಕುಣಿಯಿತು. ಚಿನ್ನ ಗೆದ್ದವನೋ? ಆಮೇಲಿನ ದಿನಗಳಲ್ಲಿ ತನ್ನೊಳಗೆ ದೊಡ್ಡದೊಂದು ಶೂನ್ಯ ಕವಿಯಿತು, ಮುಂದೇನು ಎಂದು ತೋಚದಾಯಿತು ಎಂದು ಬಿಂದ್ರಾ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ವರ್ಷಾನುಗಟ್ಟಲೆ ಒಂದೇ ದಿಕ್ಕಿಗೆ ನೆಟ್ಟ ಮನಸ್ಸಿಗೆ ಆ ದಿಕ್ಕೇ ಮುಗಿದುಹೋದರೆ ಹೀಗಾಗುತ್ತದೆ. ಜೇಮ್ಸನ ಭಾಗಾಕಾರಕ್ಕೂ ಇದು ಸಿಗುವುದಿಲ್ಲ. ಬಯಸಿದ್ದು ಒಂದು, ಸಿಕ್ಕಿದ್ದು ಅದೇ ಒಂದು, ಉತ್ತರ ಮಾತ್ರ ಸೊನ್ನೆ.

ಎಂಟು ವರ್ಷದ ನಂತರ ರಿಯೊದಲ್ಲಿ ಅದೇ ಬಿಂದ್ರಾ ನಾಲ್ಕನೆಯವರಾದರು. ಉಕ್ರೇನಿನ ಸೆರ್ಹಿ ಕುಲಿಶ್ ಜೊತೆ ಅಂಕ ಸಮವಾಗಿ, ಒಂದೇ ಒಂದು ಗುಂಡಿನ ಶೂಟ್-ಆಫ್‌ನಲ್ಲಿ ಹೊರಬಿದ್ದರು. ಕುಲಿಶ್ ಮುಂದೆ ಬೆಳ್ಳಿ ಗೆದ್ದ. ಅಂದು ಬಿಂದ್ರಾ ಕ್ಯಾಮೆರಾದ ಮುಂದೆ ಬಂದು, ಯಾರಾದರೂ ನಾಲ್ಕನೆಯವರಾಗಲೇಬೇಕಿತ್ತು, ನಾನಾದೆ ಎಂಬ ಧಾಟಿಯಲ್ಲಿ ಮಾತಾಡಿ ಹೋದರು. ಅವರ ಜೇಬಿನಲ್ಲಿ ಆಗಲೇ ಚಿನ್ನ ಇತ್ತು, ಹಾಗೆನ್ನುವುದು ಅವರಿಗೆ ಸುಲಭ ಎಂದು ಯಾರಾದರೂ ಹೇಳಬಹುದು. ಅದು ಸರಿಯೇ. ಆದರೆ ಆ ಚಿನ್ನ ಅವರಿಗೆ ಸಮಾಧಾನ ತಂದಿರಲಿಲ್ಲ ಎನ್ನುವುದೂ ಸರಿಯೇ. ನಡುವಿನ ಎಂಟು ವರ್ಷದಲ್ಲಿ ಅವರು ಬದಲಾಯಿಸಿದ್ದು ಗುರಿಯನ್ನಲ್ಲ, ನೋಡುವ ಹೊತ್ತನ್ನು ಎಂದು ನನಗೆ ತೋರುತ್ತದೆ. ಗುಂಡು ಹಾರುವವರೆಗೆ ಅತೃಪ್ತಿಗೆ ಕೆಲಸ ಇದೆ. ಅದು ಮುಂಜಾನೆ ಎಬ್ಬಿಸುತ್ತದೆ, ಟೈಲ್ ಸಡಿಲ ಮಾಡಿಸುತ್ತದೆ. ಗುಂಡು ಹಾರಿದ ಮೇಲೆ ಅದಕ್ಕೆ ಕೆಲಸವಿಲ್ಲ. ಹಾಗಂತ ಅದು ಎದ್ದು ಹೋಗುವುದಿಲ್ಲ, ನಾವೇ ಕಳಿಸಬೇಕು. ಮಿಲ್ಖಾ ಅದನ್ನು ಕಳಿಸಲಿಲ್ಲ, ಅಥವಾ ಕಳಿಸಲು ನಾವು ಬಿಡಲಿಲ್ಲ. ಅವರು ಹೋದ ಸಭೆಗಳಲ್ಲೆಲ್ಲ, ಕೊಟ್ಟ ಸಂದರ್ಶನಗಳಲ್ಲೆಲ್ಲ, ಕೇಳಿದ್ದು ರೋಮ್ ಬಗ್ಗೆಯೇ. ಕಾರ್ಡಿಫ್ ಬಗ್ಗೆ ಎಷ್ಟು ಜನ ಕೇಳಿದರು?

ತಾನು ಸಾಯುವುದರೊಳಗೆ ಅಥ್ಲೆಟಿಕ್ಸ್‌ನಲ್ಲಿ ಒಬ್ಬ ಭಾರತೀಯ ಒಲಿಂಪಿಕ್ ಚಿನ್ನ ಗೆಲ್ಲುವುದನ್ನು ನೋಡಬೇಕು ಎನ್ನುತ್ತಿದ್ದರು ಮಿಲ್ಖಾ. 2021ರ ಜೂನ್ 18ರಂದು ತೀರಿಕೊಂಡರು. ಐವತ್ತು ದಿನಕ್ಕೆ ಸರಿಯಾಗಿ, ಆಗಸ್ಟ್ 7ರ ಸಂಜೆ, ಟೋಕಿಯೊದಲ್ಲಿ ನೀರಜ್ ಚೋಪ್ರಾ ಈಟಿ ಎಸೆದು ಆ ಚಿನ್ನ ಗೆದ್ದರು, ಮಿಲ್ಖಾ ಅವರಿಗೇ ಅರ್ಪಿಸಿದರು.

ಅದೇ ದಿನ ಬೆಳಿಗ್ಗೆ ಇನ್ನೊಬ್ಬರು ನಾಲ್ಕನೆಯವರಾಗಿದ್ದರು. ಬೆಂಗಳೂರಿನ ಅದಿತಿ ಅಶೋಕ್, ಗಾಲ್ಫ್‌ನಲ್ಲಿ. ಆಗ ಅವರ ವಿಶ್ವ ರ‍್ಯಾಂಕಿಂಗ್ 200. ಮೂರು ಸುತ್ತು ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಅವರ ಗಾಲ್ಫ್ ಚೀಲ ಹೊತ್ತು ಜೊತೆಗೆ ನಡೆದದ್ದು ಸ್ವಂತ ತಾಯಿ. ಕೋಳಿ ಕೂಗುವ ಮುಂಚೆ ಎದ್ದು ನಮ್ಮ ಮನೆಯಲ್ಲೂ ಟಿ.ವಿ. ಹಾಕಿದ್ದೆವು. ಗಾಲ್ಫ್‌ನ ಗಂಧಗಾಳಿಯೂ ಯಾರಿಗೂ ಇರಲಿಲ್ಲ. "ಕಮ್ಮಿ ಹೊಡೆದವ್ರೇ ಗೆಲ್ಲೋದಾ? ಇದ್ಯಾವ ಸೀಮೆ ಆಟನಪ್ಪಾ?" ಅಂತ ಅತ್ತಿಗೆ ಶುರುಮಾಡಿ, ಮಧ್ಯೆ ಗುಡುಗು-ಮಿಂಚಿಗೆ ಆಟ ನಿಂತಾಗ ಉಪ್ಪಿಟ್ಟು ಕೆದಕಿ ಬಂದು, ಕೊನೆಯ ಕುಳಿಯ ಹೊತ್ತಿಗೆ "ಸ್ವಲ್ಪ ಎಡಕ್ಕೆ ಹೊಡಿಯೇ ತಾಯಿ" ಎಂದು ಸಲಹೆ ಕೊಡುವಷ್ಟಾಗಿದ್ದರು. ಚೆಂಡು ಕುಳಿಯ ಪಕ್ಕದಲ್ಲೇ ಹಾದುಹೋಯಿತು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ನ್ಯೂಜಿಲೆಂಡಿನ ಲಿಡಿಯಾ ಕೋ ಪಾಲಾಯಿತು.

ಬೇರೆ ಯಾವ ಪಂದ್ಯಾವಳಿಯಲ್ಲಾದರೂ ನಾಲ್ಕನೇ ಸ್ಥಾನಕ್ಕೆ ಖುಷಿಪಡುತ್ತಿದ್ದೆ, ಒಲಿಂಪಿಕ್ಸ್‌ನಲ್ಲಿ ಅದು ಕಷ್ಟ ಎಂಬ ಅರ್ಥದ ಮಾತನ್ನು ಅದಿತಿ ಅಂದು ಆಡಿದರು. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗಾಲ್ಫ್‌ನ ಬೇರೆ ಪಂದ್ಯಾವಳಿಗಳಲ್ಲಿ ನಾಲ್ಕನೆಯವರಿಗೆ ಒಳ್ಳೆಯ ಹಣ ಬರುತ್ತದೆ, ರ‍್ಯಾಂಕಿಂಗ್ ಏರುತ್ತದೆ, ಮುಂದಿನ ವಾರ ಇನ್ನೊಂದು ಊರು. ಒಲಿಂಪಿಕ್ಸ್‌ನಲ್ಲಿ ಮೂರನೆಯವರ ಕಾಲಬುಡದಲ್ಲಿ ಒಂದು ಗೋಡೆ ಕಟ್ಟಿದ್ದಾರೆ. ಗೋಡೆಯ ಈಚೆಗಿರುವ ನಾಲ್ಕನೆಯವರಿಗೂ ನಲವತ್ತನೆಯವರಿಗೂ ವೇದಿಕೆಯಲ್ಲಿ ಒಂದೇ ಬೆಲೆ. ಆ ಗೋಡೆಯನ್ನು ಅದಿತಿಯ ಮನಸ್ಸು ಕಟ್ಟಿದ್ದಲ್ಲ. ಸಂಜೆ ನೀರಜ್ ಚಿನ್ನ ಬಂದಮೇಲೆ ಬೆಳಿಗ್ಗೆಯ ಗಾಲ್ಫ್ ನಮ್ಮ ಮನೆಯಲ್ಲೇ ಯಾರಿಗೂ ನೆನಪಿರಲಿಲ್ಲ, ನನ್ನನ್ನೂ ಸೇರಿಸಿ.

ಎರಡು ವರ್ಷದ ನಂತರ, 2023ರ ಅಕ್ಟೋಬರ್ 1ರಂದು, ಹಾಂಗ್‌ಝೌ ಏಷ್ಯನ್ ಕೂಟದ ಕೊನೆಯ ಸುತ್ತಿಗೆ ಅದಿತಿ ಇಳಿದದ್ದು ಏಳು ಹೊಡೆತದ ಮುನ್ನಡೆಯೊಂದಿಗೆ. ಅಂದು 77 ಹೊಡೆತ ತೆಗೆದುಕೊಂಡು ಎರಡನೆಯವರಾದರು. ಏಷ್ಯನ್ ಕೂಟದಲ್ಲಿ ಗಾಲ್ಫ್ ಪದಕ ಗೆದ್ದ ಭಾರತದ ಮೊದಲ ಮಹಿಳೆ. ಮರುದಿನದ ಸುದ್ದಿಯಲ್ಲಿ 'ಇತಿಹಾಸ' ಎಂಬ ಪದವೂ 'ಕೈಚೆಲ್ಲಿದ' ಎಂಬ ಪದವೂ ಅಕ್ಕಪಕ್ಕದಲ್ಲೇ ಕೂತಿದ್ದವು. ಟೋಕಿಯೊದಲ್ಲಿ ಬರಿಗೈಲಿ ಬಂದಾಗ ದೇಶ ಅವರನ್ನು ಹೊಗಳಿತ್ತು, ಯಾಕೆಂದರೆ 200ನೇ ರ‍್ಯಾಂಕಿನವರಿಂದ ಯಾರೂ ಏನೂ ನಿರೀಕ್ಷಿಸಿರಲಿಲ್ಲ. ಇಲ್ಲಿ ಕೊರಳಿಗೆ ಬೆಳ್ಳಿ ಬಿದ್ದಾಗ ಸಂತಾಪ ಸೂಚಿಸಿತು. ಆಟಗಾರ್ತಿ ಒಬ್ಬಳೇ. ಪಕ್ಕದಲ್ಲಿ ಇಟ್ಟ ಅಳತೆಗೋಲು ಬೇರೆ, ಅದನ್ನು ಇಟ್ಟವರು ನಾವು. ಅವರೊಳಗೆ ಏನಾಯಿತೋ ಅವರಿಗೇ ಗೊತ್ತು. ಹೊರಗೆ ಕಂಡದ್ದು ಇಷ್ಟು: ಎರಡು ತಿಂಗಳೊಳಗೆ, ನವೆಂಬರ್ ಕೊನೆಯಲ್ಲಿ, ಸ್ಪೇನ್‌ನಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಪಂದ್ಯಾವಳಿಯೊಂದನ್ನು ಗೆದ್ದರು.

ಆ ಸುದ್ದಿ ಓದಿ ಅತ್ತಿಗೆಗೆ ಫೋನ್ ಮಾಡಿದೆ.

"ನಿಮ್ಮ ಗಾಲ್ಫ್ ಹುಡುಗಿ ಗೆದ್ದಳು ಅತ್ತಿಗೆ."

"ಹೌದಾ! ಒಲಿಂಪಿಕ್ಸಾ?"

"ಅಲ್ಲ, ಸ್ಪೇನ್‌ನಲ್ಲಿ."

"ಓ... ಅಷ್ಟೇನಾ," ಅಂದರು. ಆಮೇಲೆ ಅಲ್ಲಿ ಮಳೆ ಬಂತಾ ಅಂತ ಕೇಳಿದರು.